ಹೇಯವೆಂಬುದು ಯಾವುದಕ್ಕೆ ಸಲ್ಲುತ್ತದೆ

2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಮೇಲೆ ಎಷ್ಟೋ ದಿನ ಮೈಸೂರಿನಲ್ಲಿ ಬೇರೆ ಮಾತೇ ಇರಲಿಲ್ಲ. ಇಂಗ್ಲಿಷಿನಲ್ಲಿ ಆ ಸುದ್ದಿ ಓದಿದವರ ಕಣ್ಣಿಗೆ ಮತ್ತೆ ಮತ್ತೆ ಬಿದ್ದ ವಿಶೇಷಣ ‘ಹೇನಸ್’. ಕನ್ನಡದಲ್ಲಿ ಅದರ ಜಾಗಕ್ಕೆ ಹೇಯ, ಘೋರ, ಪೈಶಾಚಿಕ, ಅಮಾನುಷ ಎಂಬ ಮಾತುಗಳು ಒಂದರ ಹಿಂದೊಂದು ಬಂದವು. ಕೆಲವೇ ದಿನಗಳಲ್ಲಿ ಐವರ ಬಂಧನವಾಯಿತು. ಅವರಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಕ್ಕಿಲ್ಲ ಎಂದು ಪೊಲೀಸರೇ ಹೇಳಿದರು. ಆ ಕ್ಷಣಕ್ಕೆ ‘ಹೇನಸ್’ ಎಂಬುದರ ತೂಕ ಬೇರೆಯಾಯಿತು. ಅಲ್ಲಿಯವರೆಗೆ ಊರಿನ ಸಿಟ್ಟನ್ನು ಹೊತ್ತಿದ್ದ ಆ ಮಾತಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಅಳತೆ ಹಾಕಿದ ಅರ್ಥವೊಂದಿದೆ. ಒಬ್ಬ ಹುಡುಗನ ವಿಚಾರಣೆ ಎಲ್ಲಿ, ಹೇಗೆ ನಡೆಯಬೇಕು ಎಂಬುದು ಆ ಒಂದು ವಿಶೇಷಣದ ಮೇಲೆ ನಿಲ್ಲುತ್ತದೆ. ಇಷ್ಟು ಭಾರ ಹೊರುವ ಮಾತನ್ನು ನಾವು ಸರಿಯಾಗಿ ತಿಳಿದು ಬಳಸಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಮೊದಲು ಉಚ್ಚಾರಣೆ. ನಮ್ಮಲ್ಲಿ ‘ಹೀನಸ್’ ಎನ್ನುವವರೂ ‘ಹೀನಿಯಸ್’ ಎನ್ನುವವರೂ ಬಹಳ. ಸರಿಯಾದದ್ದು ‘ಹೇನಸ್’. ತಪ್ಪು ಉಚ್ಚಾರಣೆಗೆ ಕಾರಣವೇನೆಂದು ಊಹಿಸುವುದು ಕಷ್ಟವಲ್ಲ. ಕನ್ನಡದ ಕಿವಿಗೆ ಆ ಶಬ್ದದೊಳಗೆ ‘ಹೀನ’ ಕೇಳಿಸುತ್ತದೆ. ಅರ್ಥವೂ ಹತ್ತಿರ, ಸದ್ದೂ ಹತ್ತಿರ. ಎರಡೂ ಒಂದೇ ಮೂಲದಿಂದ ಬಂದವೇನೋ ಅನ್ನಿಸುತ್ತದೆ. ಆದರೆ ಇವಕ್ಕೆ ನೆಂಟಸ್ತನವಿಲ್ಲ. ಹೇನಸ್ ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ‘ಹೇನ್’ ಎಂದರೆ ದ್ವೇಷ, ಹಗೆ. ಇಂಗ್ಲಿಷಿನ ‘ಹೇಟ್’ ಕೂಡ ಅದೇ ಜರ್ಮಾನಿಕ್ ಬೇರಿನದು. ನಮ್ಮ ಹೀನ ಮತ್ತು ಹೇಯ ಎರಡೂ ಸಂಸ್ಕೃತದ ‘ಹಾ’ ಎಂಬ ಧಾತುವಿನಿಂದ ಹುಟ್ಟಿದವು. ಆ ಧಾತುವಿಗೆ ಬಿಡು, ತ್ಯಜಿಸು ಎಂದು ಅರ್ಥ. ಹೀನ ಎಂದರೆ ಬಿಟ್ಟುಹೋದದ್ದು, ಇಲ್ಲವಾದದ್ದು: ಧನಹೀನ, ಗುಣಹೀನ. ಹೇಯ ಎಂದರೆ ಬಿಡತಕ್ಕದ್ದು. ಯೋಗಶಾಸ್ತ್ರದಲ್ಲಿ, ಜೈನರ ತತ್ತ್ವ ಗ್ರಂಥಗಳಲ್ಲಿ ಈ ಮೂಲಾರ್ಥ ಇಂದಿಗೂ ಮಾಸಿಲ್ಲ. ಬಿಡಬೇಕಾದದ್ದು ಹೇಯ, ಹಿಡಿಯಬೇಕಾದದ್ದು ಉಪಾದೇಯ.

ನಿಜವಾದ ನೆಂಟಸ್ತನ ಬೇಕಿದ್ದರೆ ‘ಕ್ರೂರ’ವನ್ನು ನೋಡಬೇಕು. ಹಸಿ ಮಾಂಸ, ರಕ್ತ ಎಂಬ ಅರ್ಥದ ಪುರಾತನ ಬೇರೊಂದರಿಂದ ಸಂಸ್ಕೃತದ ಕ್ರೂರ ಬಂತು. ಅದೇ ಬೇರು ಲ್ಯಾಟಿನ್ನಿನಲ್ಲಿ ಬೆಳೆದು ಇಂಗ್ಲಿಷಿನ ‘ಕ್ರೂಯೆಲ್’ ಆಯಿತು. ‘ರಾ’, ‘ಕ್ರೂಡ್’ ಕೂಡ ಅದೇ ಮನೆತನದವು.

ಹೇನಸ್ ಮತ್ತು ಹೇಯ ರಕ್ತಸಂಬಂಧಿಗಳಲ್ಲದಿದ್ದರೂ ಬಳಕೆಯಲ್ಲಿ ಇವೆರಡರ ನಡವಳಿಕೆ ಅಚ್ಚರಿ ಹುಟ್ಟಿಸುವಷ್ಟು ಒಂದೇ ತೆರ. ಹೇನಸ್ ಅಂಟಿಕೊಳ್ಳುವುದು ಕೃತ್ಯಕ್ಕೆ. ಅಪರಾಧ, ಕೃತ್ಯ, ಪಾಪ ಇಂಥ ನಾಮಪದಗಳ ಮುಂದೆ ಅದು ಕೂರುತ್ತದೆ. ‘ಹೇನಸ್ ಮನುಷ್ಯ’ ಎಂದು ಇಂಗ್ಲಿಷ್ ಬಲ್ಲವರು ಸಾಮಾನ್ಯವಾಗಿ ಬರೆಯುವುದಿಲ್ಲ. ಮನುಷ್ಯನಿಗೆ ಅವರಲ್ಲಿ ‘ವಿಕೆಡ್’ ಇದೆ, ‘ಇವಿಲ್’ ಇದೆ. ಕುತಂತ್ರಕ್ಕೆ, ಸಂಚಿಗೆ ‘ನೆಫೇರಿಯಸ್’ ಇದೆ. ದೈವದ ಕಟ್ಟಳೆಗೆ ಹೊರತಾದದ್ದು ಎಂಬ ಲ್ಯಾಟಿನ್ ಅರ್ಥ ಅದರ ಬುಡದಲ್ಲಿದೆ. ಕನ್ನಡದಲ್ಲೂ ಹಾಗೆಯೇ ಹೇಯ ಕೃತ್ಯ, ಹೇಯ ಕೆಲಸ ಎನ್ನುತ್ತೇವೆ. ಮನುಷ್ಯನಿಗೆ ದುಷ್ಟ, ನೀಚ, ಕೇಡಿಗ, ದುರುಳ, ಖಳ ಎಂಬ ಬೇರೆಯೇ ಸಾಲಿದೆ. ಈ ಎರಡು ಸಾಲುಗಳನ್ನು ಬೆರೆಸದಿರುವುದರಲ್ಲಿ ಒಂದು ದೊಡ್ಡ ವಿವೇಕವಿದೆ ಎಂದು ನಂಬಿದವನು ನಾನು.

ಪತ್ರಿಕೆಗಳಲ್ಲಿ ಹೇನಸ್‌ಗೆ ಸಾಟಿಯಾಗಿ ಹೆಚ್ಚಾಗಿ ಬರುವ ಪದ ‘ಘೋರ’. ನನಗೆ ಇದು ಒಪ್ಪಿಗೆಯಿಲ್ಲ. ಘೋರ ಎಂದರೆ ಭಯ ಹುಟ್ಟಿಸುವಂಥದ್ದು. ನೋಡುವವನ ಎದೆ ನಡುಗುತ್ತದೆ ಎಂಬುದಷ್ಟೇ ಅದರ ಅರ್ಥ. ಮಾಡಿದವನ ಮನಸ್ಸಿನಲ್ಲಿ ಕೇಡಿತ್ತೇ ಎಂಬುದರ ಬಗ್ಗೆ ಅದು ಏನೂ ಹೇಳುವುದಿಲ್ಲ. ಲಾರಿ ಮಗುಚಿ ಹತ್ತು ಜನ ಸತ್ತರೆ ಘೋರ ದುರಂತ. ದಾರಿ ಕಾಣದ ಕಾಡು ಘೋರಾರಣ್ಯ. ಋಷಿಗಳು ಮಾಡಿದ್ದು ಘೋರ ತಪಸ್ಸು, ಅದು ಹೊಗಳಿಕೆ. ತಪಸ್ಸಿಗೂ ಅಪಘಾತಕ್ಕೂ ಸಲ್ಲುವ ವಿಶೇಷಣವನ್ನೇ ಅತ್ಯಾಚಾರಕ್ಕೂ ಹಾಕಿದಾಗ ಅಲ್ಲಿದ್ದ ಮನುಷ್ಯರ ಸಂಕಲ್ಪ ಮರೆಯಾಗಿ ಏನೋ ಭಯಾನಕವಾದದ್ದು ತಾನಾಗಿ ಘಟಿಸಿತು ಎಂಬ ಭಾವ ಬರುತ್ತದೆ. ‘ಹೇಯ ಅಪಘಾತ’ ಎಂದು ಯಾರೂ ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಹೇಯ ಎಂದ ಕೂಡಲೇ ಅಲ್ಲೊಬ್ಬ ಕರ್ತೃ ಇದ್ದಾನೆ, ಅವನು ಬಿಡಬಹುದಾಗಿತ್ತು, ಬಿಡಲಿಲ್ಲ ಎಂಬುದು ಬಂದೇ ಬರುತ್ತದೆ. ಹಿಂದಿಯವರು ಬಳಸುವ ‘ಜಘನ್ಯ’ಕ್ಕಿಂತಲೂ ನಮ್ಮ ಹೇಯ ಮೇಲು. ಜಘನ್ಯ ಎಂದರೆ ಮೂಲದಲ್ಲಿ ಹಿಂಭಾಗದ್ದು, ಕೊನೆಯದು, ಕೀಳಾದದ್ದು; ಅಲ್ಲಿರುವುದು ಮೇಲು ಕೀಳಿನ ಲೆಕ್ಕ.

ಪೈಶಾಚಿಕ, ರಾಕ್ಷಸೀ, ಮೃಗೀಯ ಎಂಬ ಮಾತುಗಳ ತೊಂದರೆ ಬೇರೆ. ಅವು ಕೃತ್ಯವನ್ನು ಮನುಷ್ಯರ ಊರಿನಿಂದಲೇ ಆಚೆಗೆ ಹಾಕುತ್ತವೆ. ಮಾಡಿದವರು ಯಾರದೋ ಮಗ, ಯಾರದೋ ಸಹೋದ್ಯೋಗಿ, ಬಸ್ಸಿನಲ್ಲಿ ಪಕ್ಕ ಕುಳಿತವರು. ಅದನ್ನು ನೋಡಲು ಇಷ್ಟವಿಲ್ಲದಾಗ ಪಿಶಾಚಿ ನೆರವಿಗೆ ಬರುತ್ತದೆ.

ಇಷ್ಟೆಲ್ಲ ಸಂಸ್ಕೃತ ಪದಗಳ ನಡುವೆ ಅಚ್ಚ ಕನ್ನಡದ ಒಂದು ನುಡಿಗಟ್ಟು ಉಳಿದಿದೆ: ‘ಕೊಲೆಗೂ ಹೇಸದವನು’. ಹಳಗನ್ನಡದ ಪೇಸು ಹೇಸು ಆಯಿತು, ಅದರಿಂದ ಹೇಸಿಗೆ. ಕೆಟ್ಟತನವೆಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಆಳವಾದ ಉತ್ತರ ನಾನು ಇಂಗ್ಲಿಷಿನ ಯಾವ ವಿಶೇಷಣದಲ್ಲೂ ಕಂಡಿಲ್ಲ. ಯಾವುದನ್ನು ಕಂಡರೆ ಮೈ ಹಿಂಜರಿಯಬೇಕೋ ಅದರೆದುರು ಹಿಂಜರಿಯದಿರುವುದು. ಹೇನಸ್ ನೋಡುವವರ ಹಗೆಯನ್ನು ಹೇಳುತ್ತದೆ, ಹೇಯ ಶಾಸ್ತ್ರದ ನಿಷೇಧವನ್ನು ಹೇಳುತ್ತದೆ. ಹೇಸದಿರುವುದು ಮಾಡುವವನ ಒಳಗೇನು ಸತ್ತಿದೆ ಎಂಬುದನ್ನು ಹೇಳುತ್ತದೆ.

ಈಗ ಕಾಯ್ದೆಗೆ ಬರೋಣ. ದೆಹಲಿಯಲ್ಲಿ 2012ರ ಡಿಸೆಂಬರ್ 16ರಂದು ನಡೆದ ಸಾಮೂಹಿಕ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಆಗ ಜಾರಿಯಲ್ಲಿದ್ದ 2000ದ ಕಾಯ್ದೆಯ ಪ್ರಕಾರ ಅಂಥವನನ್ನು ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿ ಇಡಬಹುದಿತ್ತು. ಅವನು 2015ರ ಡಿಸೆಂಬರಿನಲ್ಲಿ ಹೊರಬಂದ; ಅದೇ ತಿಂಗಳು ರಾಜ್ಯಸಭೆ ಹೊಸ ಬಾಲನ್ಯಾಯ ಮಸೂದೆಯನ್ನು ಅಂಗೀಕರಿಸಿತು. 2016ರ ಜನವರಿ 15ರಿಂದ ಜಾರಿಗೆ ಬಂದ ಆ ಕಾಯ್ದೆ ಅಪರಾಧಗಳನ್ನು ಮೂರು ಗುಂಪು ಮಾಡಿತು. ಗರಿಷ್ಠ ಶಿಕ್ಷೆ ಮೂರು ವರ್ಷದೊಳಗಿದ್ದರೆ ಸಣ್ಣದು. ಮೂರರಿಂದ ಏಳು ವರ್ಷದ ಶಿಕ್ಷೆಯುಳ್ಳದ್ದು ಗಂಭೀರ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕೂ ಮೇಲಿದ್ದರೆ ‘ಹೇನಸ್’. ಹದಿನಾರು ತುಂಬಿದ, ಹದಿನೆಂಟು ತುಂಬದ ಹುಡುಗನ ಮೇಲೆ ಈ ಮೂರನೆಯ ಬಗೆಯ ಆರೋಪವಿದ್ದರೆ ಬಾಲನ್ಯಾಯ ಮಂಡಳಿ ಅವನ ಬಗ್ಗೆ ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಕೃತ್ಯ ಎಸಗುವಷ್ಟು ಮನಸ್ಸಿನ ಮತ್ತು ದೇಹದ ಶಕ್ತಿ ಅವನಿಗಿತ್ತೇ, ಅದರ ಪರಿಣಾಮ ತಿಳಿಯುವಷ್ಟು ಬುದ್ಧಿ ಇತ್ತೇ, ಯಾವ ಸನ್ನಿವೇಶದಲ್ಲಿ ಅದು ನಡೆಯಿತು ಎಂಬುದನ್ನು ನೋಡಬೇಕು. ಅದಾದ ಮೇಲೆಯೇ ಅವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂಬ ತೀರ್ಮಾನ.

ಇಲ್ಲಿ ಒಂದು ವಿಶೇಷಣವನ್ನು ವರ್ಷಗಳಲ್ಲಿ ಅಳೆಯಲಾಗಿದೆ. ಅಳತೆ ಬೇಕೇ ಬೇಕು. ಸಿಟ್ಟಿನಲ್ಲಿ ಕೂಗಿದ ಮಾತಿನ ಮೇಲೆ ಯಾರ ಬದುಕನ್ನೂ ತೀರ್ಮಾನಿಸಲಾಗದು. ಆದರೆ ಅಳತೆಗೆ ಅದರದೇ ವಿಚಿತ್ರಗಳಿವೆ. ಕೊಲೆಯತ್ನಕ್ಕೆ ಸಾಮಾನ್ಯವಾಗಿ ಕನಿಷ್ಠ ಶಿಕ್ಷೆ ಗೊತ್ತುಮಾಡಿಲ್ಲ, ಗರಿಷ್ಠ ಮಾತ್ರ ದೊಡ್ಡದು. ಇಂಥ ಅಪರಾಧ ಯಾವ ಗುಂಪಿಗೆ ಸೇರಬೇಕು? ಹದಿನೆಂಟು ತುಂಬದ ಹುಡುಗ ಕಾರು ಓಡಿಸಿ ಒಬ್ಬರ ಸಾವಿಗೆ ಕಾರಣನಾದ ದೆಹಲಿಯ ಪ್ರಕರಣವೊಂದರಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಜನವರಿ 9ರ ತೀರ್ಪು ಸ್ಪಷ್ಟವಾಗಿ ಹೇಳಿತು: ಕನಿಷ್ಠ ಶಿಕ್ಷೆ ಏಳು ವರ್ಷವೆಂದು ಕಾನೂನಿನಲ್ಲಿ ಇಲ್ಲದಿದ್ದರೆ ಅದು ಹೇನಸ್ ಅಲ್ಲ, ಗಂಭೀರ ಎಂಬ ಗುಂಪಿಗೆ ಸೇರಬೇಕು. 2021ರ ತಿದ್ದುಪಡಿ ಇದನ್ನೇ ಕಾಯ್ದೆಯೊಳಗೆ ಬರೆಯಿತು. ಹಾಗಾಗಿ ಇಂದು ಕತ್ತಿ ಹಿಡಿದು ಕೊಲ್ಲಲು ಹೋದದ್ದು ಈ ಕಾಯ್ದೆಯ ಕಣ್ಣಿಗೆ ಹೇನಸ್ ಆಗದಿರಬಹುದು; ಇಪ್ಪತ್ತು ಕಿಲೋಗಿಂತ ಹೆಚ್ಚು ಗಾಂಜಾ ಸಾಗಿಸಿದ್ದು ಆಗುತ್ತದೆ, ಯಾಕೆಂದರೆ ಅದಕ್ಕೆ ಕನಿಷ್ಠ ಶಿಕ್ಷೆ ಹತ್ತು ವರ್ಷ. ಓದುಗರಿಗೆ ಇದು ಅನ್ಯಾಯವೆನ್ನಿಸಬಹುದು. ಆದರೂ ನಾನು ಈ ತೀರ್ಪಿನ ಪರ. ಅನುಮಾನ ಬಂದ ಕಡೆ ಮಗುವಿಗೆ ಅನುಕೂಲವಾಗುವ ಅರ್ಥವನ್ನೇ ಹಿಡಿಯುವುದು ನ್ಯಾಯ. ಅದಕ್ಕೇ ಪತ್ರಿಕೆಯಲ್ಲಿ ಹೇಯ ಎಂದು ಬರೆಯುವವರು ಕಾಯ್ದೆಯ ಹೇನಸ್ ಮತ್ತು ಮನಸ್ಸಿನ ಹೇಯ ಎರಡನ್ನೂ ಒಂದೆಂದು ತಿಳಿಯಬಾರದು. ಒಂದು ಶಿಕ್ಷೆಯ ಪಟ್ಟಿಯಿಂದ ಬರುತ್ತದೆ, ಇನ್ನೊಂದು ಹೇಸಿಗೆಯಿಂದ.

ಕೆಟ್ಟತನವನ್ನು ವರ್ಷಗಳಲ್ಲಿ ಅಳೆಯುವುದು ಹೊಸದೇನಲ್ಲ. ನಮ್ಮ ಹಳೆಯ ಶಾಸನಗಳಲ್ಲೇ ಅದು ಕಾಣುತ್ತದೆ. ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಮೈಸೂರು ಜಿಲ್ಲೆಯ ಶಾಸನಗಳನ್ನು 1894 ಮತ್ತು 1898ರಲ್ಲಿ ಎರಡು ಸಂಪುಟವಾಗಿ ತಂದರು. ದಾನಶಾಸನಗಳ ಕೊನೆಗೆ ಬರುವ ಶಾಪಾಶಯವನ್ನು ಓದಿದವರಿಗೆ ಗೊತ್ತು: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ಅವನಿಗೆ ತಟ್ಟುತ್ತದೆ, ಪಂಚಮಹಾಪಾತಕ ಬರುತ್ತದೆ. ಏಳು ವರ್ಷದೆದುರು ಅರವತ್ತು ಸಾವಿರ ವರ್ಷ! ಅಳತೆಗೋಲು ಯಾರ ಕೈಯಲ್ಲಿತ್ತು ಎಂಬುದೂ ಈ ಪಟ್ಟಿಯಲ್ಲೇ ಕಾಣುತ್ತದೆ. ಧರ್ಮಶಾಸ್ತ್ರದ ಮಹಾಪಾತಕಗಳಲ್ಲಿ ಬ್ರಹ್ಮಹತ್ಯೆ ಇದೆ, ಹೆಂಡ ಕುಡಿಯುವುದೂ ಇದೆ. ಹೊಲೆಯರ ಕೇರಿಗೆ ಬೆಂಕಿ ಇಟ್ಟವನಿಗೆ ಅಲ್ಲಿ ಜಾಗವಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಆದರೂ ಶಾಸನದ ಮಾತಿನ ಕಟ್ಟಣೆಯಲ್ಲಿ ನನಗೆ ಗೌರವವಿದೆ. ಅಲ್ಲಿ ಯಾವ ಮನುಷ್ಯನನ್ನೂ ಮೊದಲೇ ದುಷ್ಟನೆಂದು ಹೆಸರಿಸಿಲ್ಲ. ‘ಅಳಿದವನು’, ಅಂದರೆ ಕೆಡಿಸಿದವನು, ಎನ್ನುತ್ತಾರೆ. ಅರಸನಾಗಲಿ ಗೌಡನಾಗಲಿ ಸ್ವಂತ ಮಗನಾಗಲಿ, ಕೃತ್ಯ ಮಾಡಿದವನಿಗೆ ಆ ಕೃತ್ಯದಿಂದಲೇ ಹೆಸರು. ಪಾತಕ ಎಂಬ ಪದವೂ ಕೃತ್ಯದ್ದೇ: ಬೀಳಿಸುವಂಥದ್ದು ಎಂದು ಅದರ ಅರ್ಥ.

ಮನುಷ್ಯನಿಗೇ ಅಂಟಿದ ವಿಶೇಷಣ ಏನಾಗುತ್ತದೆ ಎಂಬುದನ್ನು ನೋಡಲು ಚಾಮುಂಡಿ ಬೆಟ್ಟ ಹತ್ತಿದರೆ ಸಾಕು. ಅಲ್ಲಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು ಹಿಡಿದು ನಿಂತ ಮಹಿಷಾಸುರನ ಪ್ರತಿಮೆ. ಪುರಾಣದ ಕಥೆಯಲ್ಲಿ ಅವನು ದುಷ್ಟ. ದಸರೆಯ ಮಾತೆಲ್ಲ ದುಷ್ಟಶಿಕ್ಷೆ, ಶಿಷ್ಟರಕ್ಷೆ. ಅದೇ ಊರಿನಲ್ಲಿ ಅವನನ್ನು ಈ ನೆಲದ ದೊರೆ, ಬೌದ್ಧ ಎಂದು ನಂಬಿ ಮಹಿಷ ದಸರಾ ಆಚರಿಸುವವರಿದ್ದಾರೆ, ಅದರ ಸುತ್ತ ಜಗಳವೂ ಆಗಿದೆ. ಜಗಳದಲ್ಲಿ ಯಾವ ಪಕ್ಷದವರಾದರೂ ಅವನು ಇಂಥ ಕೃತ್ಯ ಮಾಡಿದ, ಅದು ಹೀಗೆ ಹೇಯ ಎಂದು ವಾದಿಸುವುದನ್ನು ನಾನು ಕೇಳಿಲ್ಲ. ದುಷ್ಟ ಎಂಬ ಮಾತೊಂದೇ ಅಲ್ಲಿ ವಾದ, ಅದೇ ತೀರ್ಪು.

ಕನ್ನಡದ ದೊಡ್ಡ ಕವಿಗಳು ಈ ಮಾತಿಗೆ ಅಷ್ಟು ಸುಲಭವಾಗಿ ಕೈ ಹಾಕಲಿಲ್ಲ. ಪಂಪ, ರನ್ನರ ದುರ್ಯೋಧನ, ನಾಗಚಂದ್ರನ ರಾವಣ, ಇವರ ಕೃತ್ಯಗಳಿಗೆ ಕವಿಯ ಕ್ಷಮೆಯಿಲ್ಲ. ಆದರೆ ಆ ಮನುಷ್ಯರನ್ನು ಒಂದೇ ವಿಶೇಷಣದಲ್ಲಿ ಮುಗಿಸಿಬಿಡಲು ಕವಿ ಒಪ್ಪುವುದಿಲ್ಲ. ಮೈಸೂರಿನ ‘ಉದಯರವಿ’ ಮನೆಯ ಕುವೆಂಪು ಇನ್ನೂ ಮುಂದೆ ಹೋದರು. 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣ ಕಂಡ ಕನಸೊಂದಿದೆ. ಯಾರನ್ನು ಕಾಮಿಸಿ ಕದ್ದು ತಂದನೋ ಆ ಸೀತೆಗೆ ಅವನು ಕನಸಿನಲ್ಲಿ ಮಗುವಾಗುತ್ತಾನೆ. ಅಪಹರಣ ಹೇಯವಲ್ಲ ಎಂದು ಕುವೆಂಪು ಎಲ್ಲೂ ಹೇಳಲಿಲ್ಲ. ಮಾಡಿದವನು ಅದನ್ನು ಬಿಟ್ಟು ಏಳಬಲ್ಲ ಎಂದು ಹೇಳಿದರು. ಹೇಯ ಎಂದರೆ ಬಿಡತಕ್ಕದ್ದು ಎಂಬ ಮೂಲಾರ್ಥಕ್ಕೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕೇ?

ಇದಕ್ಕೆ ಎದುರಾಗಿ ನಿಲ್ಲುವ ಒಂದು ಸಂಗತಿಯನ್ನೂ ಹೇಳದಿದ್ದರೆ ಈ ವಿಚಾರ ಬರೀ ಕಾವ್ಯದ ಮಾತಾದೀತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಟ್ಟರು. ವಿಚಾರಣಾ ನ್ಯಾಯಾಲಯ 2006ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು, ಹೈಕೋರ್ಟ್ 2014ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಿಗೆ ಮಾಡಿದವರು ಯಾರೂ ಇಲ್ಲ. ಕೆಟ್ಟತನವೆಲ್ಲ ಮನುಷ್ಯನಲ್ಲೇ ಇದೆ ಎಂದು ತಿಳಿದರೆ, ಮನುಷ್ಯ ಸಿಗದಾಗ ಕೆಟ್ಟತನವೂ ಕಾಣೆಯಾಗಬೇಕು. ಕೃತ್ಯಕ್ಕೆ ಹೇಯ ಎಂಬ ಮಾತು ಬೇಕಾಗುವುದು ಇಂಥಲ್ಲಿ. ಆ ಏಳು ಸಾವುಗಳು ಹೇಯ ಕೃತ್ಯವೊಂದರ ಫಲ ಎನ್ನಲು ಯಾವ ತೀರ್ಪಿನ ಅಪ್ಪಣೆಯೂ ಬೇಡ. ಪರಿಶಿಷ್ಟ ಜಾತಿ, ಪಂಗಡದವರ ರಕ್ಷಣೆಗೆಂದು ಬಂದ 1989ರ ಕಾಯ್ದೆಗೆ ಕನ್ನಡದಲ್ಲಿ ನಿಂತಿರುವ ಹೆಸರು ‘ದೌರ್ಜನ್ಯ ತಡೆ’ ಕಾಯ್ದೆ. ದೌರ್ಜನ್ಯ ಎಂದರೆ ಮೂಲದಲ್ಲಿ ದುರ್ಜನನ ಸ್ವಭಾವ. ಕನ್ನಡಿಗರು ಅದನ್ನು ದುರ್ಜನನಿಂದ ಬಿಡಿಸಿ ಕೃತ್ಯದ ಹೆಸರು ಮಾಡಿಕೊಂಡರು. ಇಂದು ದೌರ್ಜನ್ಯ ‘ನಡೆಯುತ್ತದೆ’. ಸಜ್ಜನರೆನ್ನಿಸಿಕೊಂಡವರ ಮನೆಯಲ್ಲೂ ನಡೆಯುತ್ತದೆ ಎಂದು ಹೇಳಲು ಭಾಷೆ ಈಗ ಅನುವು ಮಾಡಿಕೊಟ್ಟಿದೆ.

ಕೊನೆಗೆ ಸುದ್ದಿ ಬರೆಯುವವರಲ್ಲಿ ಒಂದು ವ್ಯಾಕರಣದ ವಿನಂತಿ. ಕನ್ನಡದಲ್ಲಿ ಕೃದಂತ ವಿಶೇಷಣ ನಾಮಪದದ ಮುಂದೆ ಬಂದು ಕೂರುತ್ತದೆ, ಕೂತಮೇಲೆ ಬಿಡುವುದಿಲ್ಲ. ‘ಹೇಯ ಕೃತ್ಯ ಎಸಗಿದ ಆರೋಪಿ’ ಎಂದು ದಿನವೂ ಅಚ್ಚಾಗುತ್ತಿದೆ. ಎಸಗಿದ್ದು ಸಾಬೀತಾಗಿದ್ದರೆ ಅವನು ಅಪರಾಧಿ. ಆಗಿಲ್ಲದಿದ್ದರೆ ‘ಎಸಗಿದ’ ಎನ್ನುವಂತಿಲ್ಲ. ‘ಹೇಯ ಕೃತ್ಯ ನಡೆದಿದೆ, ಅದರ ಆರೋಪ ಇಂಥವರ ಮೇಲಿದೆ’ ಎಂದು ಎರಡು ವಾಕ್ಯ ಮಾಡಿದರೆ ಕೃತ್ಯದ ಹೇಯತನ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆರೋಪ ಹದಿನೆಂಟು ತುಂಬದವನ ಮೇಲಿದ್ದರೆ ಅವನ ಹೆಸರು, ಶಾಲೆ, ವಿಳಾಸ, ಚಿತ್ರ ಯಾವುದನ್ನೂ ಪ್ರಕಟಿಸಬಾರದು ಎಂದು ಅದೇ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಹೇಳುತ್ತದೆ. ಹಿಂಸೆಗೊಳಗಾದ ಮಗುವಿಗೂ ಸಾಕ್ಷಿ ಹೇಳುವ ಮಗುವಿಗೂ ಅದೇ ಕಲಂ, ಅದೇ ಮರೆ.